ದೋಷವಿಲ್ಲದ ಬಟ್ಟೆಗಳು

ಷಡ್ಡಕನನ್ನು ಯಾರೂ ಆರಿಸಿ ತರುವುದಿಲ್ಲ. ಹೆಂಡತಿಯನ್ನು ನೋಡಿ ಒಪ್ಪಿಕೊಳ್ಳಬಹುದು, ಮಾವನ ಮನೆಯ ಬಗ್ಗೆ ನಾಲ್ಕು ಜನರನ್ನು ವಿಚಾರಿಸಬಹುದು; ಆದರೆ ಹೆಂಡತಿಯ ತಂಗಿ ಮುಂದೊಂದು ದಿನ ಎಂಥವನನ್ನು ಕಟ್ಟಿಕೊಳ್ಳುತ್ತಾಳೆ ಎಂಬುದು ಯಾರ ಕೈಯಲ್ಲೂ ಇಲ್ಲ. ನಮ್ಮ ದೊಡ್ಡಳಿಯನ ಕೈಯಲ್ಲೂ ಇರಲಿಲ್ಲ. ಬಂದವನು ಕುಡುಕನೋ ಸೋಮಾರಿಯೋ ಆಗಿದ್ದರೆ ಅವನಿಗೆ ಬುದ್ಧಿ ಹೇಳಿಕೊಂಡು ಸುಖವಾಗಿ ಇರುತ್ತಿದ್ದ. ಆದರೆ ಚಿಕ್ಕಳಿಯ ಒಳ್ಳೆಯವನಾಗಿದ್ದ, ಮೇಲಾಗಿ ಕೆಲಸ ಬಲ್ಲವನಾಗಿದ್ದ. ಅಲ್ಲಿಂದ ಶುರುವಾಯಿತು ದೊಡ್ಡಳಿಯನ ಹೊಟ್ಟೆಯುರಿ.

ಮಾವನದು ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಕೆಳಗೆ ಗಿರಾಕಿಗಳ ಕೋಣೆ, ಅದರ ಹಿಂದೆ ಇಸ್ತ್ರಿಯ ಉದ್ದ ಮೇಜು, ಮೇಲಿನ ಎರಡು ಮಹಡಿಗಳ ತುಂಬ ಕಬ್ಬಿಣದ ಪೈಪುಗಳಿಗೆ ತೂಗುಹಾಕಿದ ಬಟ್ಟೆ. ರಾಜರ ನಿಲುವಂಗಿಗಳು, ಪೊಲೀಸರ ಸಮವಸ್ತ್ರಗಳು, ನ್ಯಾಯಾಧೀಶರ ಕರಿಕೋಟು, ದಾದಿಯರ ಬಿಳಿ ಅಂಗಿ, ಮತ್ತು ವರ್ಷಗಟ್ಟಲೆ ಯಾರೂ ಕೇಳದಿದ್ದರೂ ಮಾವ ಬಿಡದೆ ಇಟ್ಟುಕೊಂಡಿದ್ದ ಒಂದು ಕರಡಿ. ಮೊದಲು ಇವೆಲ್ಲದರ ಲೆಕ್ಕ ಮಾವನ ತಲೆಯಲ್ಲೇ ಇತ್ತು. ತಲೆ ಕೈಕೊಡಲು ಶುರುವಾದಾಗ, ಅಚ್ಚುಕೂಟದಲ್ಲಿ ಅಕ್ಷರ ಟೈಪು ಮಾಡಿಕೊಂಡಿದ್ದ ದೊಡ್ಡಳಿಯನನ್ನು ಕರೆಸಿಕೊಂಡರು.

ಅವನು ದಪ್ಪನೆಯ ಕೈಪಿಡಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಮೆಟ್ಟಿಲ ಕೆಳಗಿನ ಕಂಪ್ಯೂಟರಿನಲ್ಲಿ ಅಂಗಡಿಗೊಂದು ಡೇಟಾಬೇಸ್ ಕಟ್ಟಿದ. ಅದರಲ್ಲಿ ಎರಡು ಟೇಬಲ್. ಒಂದರಲ್ಲಿ ಪ್ರತಿ ಬಟ್ಟೆಗೂ ಒಂದು ಸಾಲು: ಕಾಲರಿನ ಒಳಗೆ ಹೊಲಿದ ನಂಬರು, ಹೆಸರು, ಅಳತೆ, ಕೊನೆಯಲ್ಲಿ ‘ದೋಷ’ ಎಂಬ ಕಾಲಂ. ಇನ್ನೊಂದರಲ್ಲಿ ಬಟ್ಟೆ ಹೊರಗೆ ಹೋದಾಗಲೆಲ್ಲ ಒಂದು ಸಾಲು: ಯಾವ ಬಟ್ಟೆ, ಯಾರು ಒಯ್ದರು, ಯಾವತ್ತು ತಂದರು. ಯಾರಾದರೂ ಬಂದು ದಪ್ಪ ಹೊಟ್ಟೆಯ ಸೇನಾಪತಿಗೆ ಆಗುವ ಕೋಟು ಇದೆಯೇ ಎಂದು ಕೇಳಿದರೆ, ಅವನು ಒಂದು ಕ್ವೆರಿ ಬರೆದು, ಅಂದರೆ ಟೇಬಲ್ಲಿಗೆ ಒಂದು ಪ್ರಶ್ನೆ ಹಾಕಿ, ಗಿರಾಕಿ ಕುರ್ಚಿ ಎಳೆದು ಕೂರುವಷ್ಟರಲ್ಲಿ ಉತ್ತರ ಹೇಳುತ್ತಿದ್ದ. ಕಂಪ್ಯೂಟರಿನ ಮುಂದಿನ ತನ್ನ ಕುರ್ಚಿಯಲ್ಲಿ ಕೂತಾಗ ಅವನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು.

ದೋಷದ ಕಾಲಂ ಖಾಲಿ ಇರುವುದು ಅಪರೂಪ. ಒಯ್ದ ಬಟ್ಟೆಯನ್ನು ಒಯ್ದ ಹಾಗೇ ತಂದುಕೊಟ್ಟ ನಟ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಕಡಿಮೆ. ‘ಕಾಲರಿಗೆ ಬಣ್ಣ’, ‘ಗುಂಡಿ ಇಲ್ಲ’, ‘ಬೆವರಿನ ಕಲೆ’, ‘ಹುಳ ತಿಂದಿದೆ’ ಎಂದು ಏನಾದರೊಂದು ಬರೆಯಲೇಬೇಕಾಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ‘ಹರಿದಿದೆ’. ಹರಿದದ್ದು ಅತ್ತೆಯ ಕೈಗೆ ಹೋಗುತ್ತಿತ್ತು.

ಅತ್ತೆ ಇಸ್ತ್ರಿ ಮೇಜಿನ ಆಚೆ, ಕಿಟಕಿಯ ಪಕ್ಕ ಕೂರುತ್ತಿದ್ದರು. ಅವರು ತೇಪೆ ಹಾಕುವವರಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಬಿಚ್ಚಿ, ಎಳೆಗೆ ಎಳೆ ಸೇರಿಸಿ, ಅಲ್ಲಿ ಹರಿದಿತ್ತು ಎಂಬುದೇ ಸುಳ್ಳು ಅನ್ನಿಸುವ ಹಾಗೆ ಮಾಡುತ್ತಿದ್ದರು. ಮೊದಲ ವರ್ಷ, ಯಾವನೋ ನಟ ಕತ್ತಿವರಸೆಯಲ್ಲಿ ಮೈಮರೆತು ರಾಣಿಯ ನೀಲಿ ಮಖಮಲ್ಲಿನ ನಿಲುವಂಗಿಯನ್ನು ಭುಜದಿಂದ ಸೊಂಟದ ತನಕ ಸೀಳಿ ತಂದಿದ್ದ. ಅತ್ತೆ ಅದನ್ನು ಹೊಲಿದು ಮುಗಿಸಿ, ಹೊಸ ಅಳಿಯನ ತೊಡೆಯ ಮೇಲೆ ಹಾಕಿ, ‘ಎಲ್ಲಿ, ಹುಡುಕು ನೋಡೋಣ,’ ಎಂದರು. ಅವನು ಬೆಳಕಿಗೆ ಹಿಡಿದ, ಮಗುಚಿ ನೋಡಿದ, ಕಣ್ಣು ಮುಚ್ಚಿ ಬೆರಳಾಡಿಸಿದ.

‘ಸಿಗ್ತಿಲ್ಲ ಅತ್ತೆ.’

‘ಹಾಗಿದ್ರೆ ಅಳಿಸು.’

ಅವನು ಆ ಸಾಲಿನಿಂದ ‘ಹರಿದಿದೆ’ ಎಂಬುದನ್ನು ಅಳಿಸಿದ. ‘ಹೊಲಿದದ್ದು ಅಂತ ಬರೀಲಾ?’ ಎಂದು ಕೇಳಿದ್ದಕ್ಕೆ, ‘ಕಾಣದೆ ಇರೋದನ್ನ ಯಾಕೆ ಬರೀತೀಯ ಮಗಾ?’ ಎಂದು ಗದರಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಅತ್ತೆ ಹೊಲಿಯುವುದು, ಅವನು ಹುಡುಕುವುದು, ಸೋಲುವುದು, ಅಳಿಸುವುದು. ಬೇರೆಲ್ಲೂ ಸೋಲನ್ನು ಸಹಿಸದ ಮನುಷ್ಯ ಅತ್ತೆಯ ಮುಂದೆ ಸೋಲಲು ಕಾಯುತ್ತಿದ್ದ. ಈಚೀಚೆಗೆ ಅತ್ತೆಯ ಕಣ್ಣು ಮಂಜಾಗಿ, ಕೈ ನಡುಗಿ, ಹೊಲಿಗೆ ಬೆರಳಿಗೆ ಸಿಗತೊಡಗಿತ್ತು. ಆಗಲೂ ಅವನು ಬೆಳಕಿಗೆ ಹಿಡಿದು, ಸಾಕಷ್ಟು ಹೊತ್ತು ಕಳೆದು, ‘ಸಿಗ್ತಿಲ್ಲ,’ ಎನ್ನುತ್ತಿದ್ದ. ಅತ್ತೆಯ ಮುಖ ಅರಳುತ್ತಿತ್ತು. ತಾನು ಹೇಳಿದ ಸುಳ್ಳುಗಳಲ್ಲಿ ಅವನಿಗೆ ಹೆಮ್ಮೆ ಇದ್ದದ್ದು ಇದರ ಬಗ್ಗೆ ಮಾತ್ರ.

ಹೀಗಿರುವಾಗ ಚಿಕ್ಕಳಿಯ ಬಂದ. ಚಪ್ಪಲಿ ಕಾರ್ಖಾನೆಯೊಂದರ ಉಗ್ರಾಣದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುತ್ತಿದ್ದವನು, ಕಾರ್ಖಾನೆ ಮುಚ್ಚಿತ್ತು. ‘ಬೇರೆ ಕಡೆ ಸಿಗೋ ತನಕ ಇಲ್ಲೇ ಇರ್ಲಿ, ಏನಂತೀರಿ?’ ಎಂದು ಮಾವ ಕೇಳಿದಾಗ ದೊಡ್ಡಳಿಯ ದೊಡ್ಡ ಮನಸ್ಸಿನಿಂದ ತಲೆಯಾಡಿಸಿದ್ದ. ಆ ತಲೆಯನ್ನು ಆಮೇಲೆ ಎಷ್ಟು ಸಲ ಚಚ್ಚಿಕೊಂಡನೋ ಲೆಕ್ಕವಿಲ್ಲ.

ಬಂದ ವಾರದಲ್ಲೇ ಚಿಕ್ಕಳಿಯ ಅವನ ಹೆಗಲ ಮೇಲಿಂದ ಪರದೆಗೆ ಇಣುಕಿ, ಮೆಲ್ಲಗೆ ಹೇಳಿದ: ‘ಭಾವ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ವರ್ಷಕ್ಕೆ ಎಷ್ಟು ಗಿರಾಕಿಗಳು ಬಂದ್ರು ಅಂತ ತೆಗೀತೀರಲ್ಲ, ಈ ಕ್ವೆರಿ ಗಿರಾಕಿಗಳನ್ನ ಎಣಿಸ್ತಿಲ್ಲ. ಸಾಲುಗಳನ್ನ ಎಣಿಸ್ತಿದೆ. ಒಂದು ತಂಡ ಬಂದು ಹನ್ನೊಂದು ಬಟ್ಟೆ ಒಯ್ದರೆ ಹನ್ನೊಂದು ಗಿರಾಕಿ ಅಂತ ಬರುತ್ತೆ. ಒಬ್ಬೊಬ್ಬರ ಹೆಸರೂ ಒಂದೇ ಸಲ ಬರೋ ಹಾಗೆ ಮೊದಲು ತೆಗೆದು, ಆಮೇಲೆ ಎಣಿಸಬೇಕು.’

ಮೆಲ್ಲಗೇ ಹೇಳಿದ್ದ. ಆದರೆ ಮಾವನ ಕಿವಿ ಅವರ ತಲೆಗಿಂತ ಚುರುಕಾಗಿತ್ತು.

‘ಅಂದ್ರೆ ಇಷ್ಟು ವರ್ಷ ವ್ಯಾಪಾರಿಗಳ ಸಭೇಲಿ ಎದ್ದು ನಿಂತು ನಾನು ಬುರುಡೆ ಬಿಡ್ತಿದ್ನಾ?’ ಎಂದು ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಡಿಯಲ್ಲಿ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಹೆಂಗಸೂ ನಕ್ಕಳು. ಚಿಕ್ಕಳಿಯ ಮಾತ್ರ ನಗಲಿಲ್ಲ, ಬದಲಿಗೆ ಭಾವನ ಮುಖ ನೋಡಿ ಪಾಪ ಎನ್ನುವ ಹಾಗೆ ತಲೆ ತಗ್ಗಿಸಿದ. ದೊಡ್ಡಳಿಯನಿಗೆ ಆ ನಗೆಗಳಿಗಿಂತ ಈ ಪಾಪವೇ ಹೆಚ್ಚು ಉರಿಯಿತು.

ಆಮೇಲೆ ಅವನು ಏನು ನೋಡಿದರೂ ಅದರಲ್ಲಿ ಚಿಕ್ಕಳಿಯನೇ ಕಂಡ. ಚಹಾದ ಮೊದಲ ಲೋಟ ಯಾರ ಮುಂದೆ ಬಂತು, ಮಾವ ಯಾರ ಬೆನ್ನು ತಟ್ಟಿದರು, ಗಿರಾಕಿಗಳು ಯಾರನ್ನು ಕೇಳಿಕೊಂಡು ಬಂದರು, ಎಲ್ಲವನ್ನೂ ಮನಸ್ಸಿನಲ್ಲಿ ಟೇಬಲ್ ಹಾಕಿ ಇಟ್ಟುಕೊಂಡ. ಮಾವ ತನ್ನನ್ನು ಯಾವಾಗಲೂ ‘ಅಳಿಯಂದ್ರೇ’ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಚಿಕ್ಕವನನ್ನು ಬಂದ ತಿಂಗಳಲ್ಲೇ ‘ಲೋ ಚಿಕ್ಕೋನೇ’ ಎಂದು ಕೂಗಿದರು. ಮರ್ಯಾದೆ ಸಿಕ್ಕಿದ್ದಕ್ಕೆ ಹೊಟ್ಟೆಯುರಿದುಕೊಂಡವನು ಲೋಕದಲ್ಲಿ ಇವನೊಬ್ಬನೇ ಇರಬೇಕು.

‘ನಿಮ್ಮ ಹತ್ರ ಕೂತ್ರೆ ಸುಟ್ಟ ವಾಸನೆ ಬರುತ್ತೆ,’ ಎಂದಳು ಹೆಂಡತಿ, ಒಂದು ಸಂಜೆ. ‘ಅವನು ನಿಮಗೇನು ಮಾಡಿದ?’

‘ಏನೂ ಮಾಡಿಲ್ಲ.’

‘ಮತ್ತೆ?’

‘ಅದೇ. ಏನಾದ್ರೂ ಮಾಡಿದ್ರೆ ಚೆನ್ನಾಗಿತ್ತು.’

ಅವನು ನಿಜವನ್ನೇ ಹೇಳಿದ್ದ. ಹೆಂಡತಿ ನಕ್ಕು ಎದ್ದುಹೋದಳು.

ಆ ಸಮಯಕ್ಕೇ ಮೇಲಿನ ಮಹಡಿಯ ತೊಲೆಯೊಂದು ಬಾಗಿತು. ಕಟ್ಟಡದವರು ಬಂದು ನೋಡಿ, ಇಷ್ಟು ಭಾರ ಹೊರಲಾರದು, ಆ ಮಹಡಿಯನ್ನು ಖಾಲಿ ಮಾಡಿ ಎಂದರು. ಅಷ್ಟೂ ಬಟ್ಟೆ ಒಂದೇ ಮಹಡಿಯಲ್ಲಿ ಹಿಡಿಯುವ ಹಾಗಿರಲಿಲ್ಲ. ಹರಿದದ್ದನ್ನೆಲ್ಲ ಚಿಂದಿ ವ್ಯಾಪಾರಿಗೆ ಕೊಟ್ಟುಬಿಡುವುದು, ಉಳಿದದ್ದನ್ನು ಇಟ್ಟುಕೊಳ್ಳುವುದು ಎಂದು ಮಾವ ತೀರ್ಮಾನಿಸಿದರು. ಚಿಂದಿ ವ್ಯಾಪಾರಿ ಅದನ್ನು ಕತ್ತರಿಸಿ, ಯಂತ್ರ ಒರೆಸುವ ಬಟ್ಟೆಯಾಗಿ ಕಾರ್ಖಾನೆಗಳಿಗೆ ಮಾರುವವನು. ಇನ್ನೊಂದು ಮಾತನ್ನೂ ಮಾವ ಅವತ್ತೇ ಹೇಳಿದರು.

‘ಈ ಕೆಲಸ ಮುಗೀಲಿ. ಆಮೇಲೆ ಅಂಗಡಿ ಬೀಗದ ಕೈ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಕೊಟ್ಟು ನಾನು ಸುಮ್ನೆ ಕೂತ್ಕೋತೀನಿ. ಯಾರಿಗೆ ಅಂತ ಈಗಲೇ ಕೇಳಬೇಡಿ.’

ಯಾರೂ ಕೇಳಲಿಲ್ಲ. ಆ ಬೀಗದ ಕೈ ತನ್ನದೇ ಎಂದು ದೊಡ್ಡಳಿಯ ವರ್ಷಗಳಿಂದ ನಂಬಿಕೊಂಡಿದ್ದ. ಅದು ನಿನ್ನೆ ಮೊನ್ನೆ ಬಂದವನ ಸೊಂಟದಲ್ಲಿ ಝಣಝಣ ಎನ್ನುವುದನ್ನು ದಿನವೂ ಕೇಳಿಕೊಂಡು ಬದುಕಬೇಕೇ ಎಂಬುದೊಂದೇ ಯೋಚನೆ.

ಇಟ್ಟುಕೊಳ್ಳಬೇಕಾದ ಬಟ್ಟೆಗಳ ಪಟ್ಟಿ ತೆಗೆಯುವ ಕೆಲಸವನ್ನು ಮಾವ ಚಿಕ್ಕಳಿಯನಿಗೆ ವಹಿಸಿದರು. ಸಂಜೆ ದೊಡ್ಡಳಿಯ ಚಹಾದ ಲೋಟ ಹಿಡಿದು ಅವನ ಹಿಂದೆ ಹೋಗಿ ನಿಂತ. ತನ್ನ ಕುರ್ಚಿ, ತನ್ನ ಡೇಟಾಬೇಸ್, ಕೂತವನು ಬೇರೆ. ಚಿಕ್ಕಳಿಯ ಬರೆದ ಕ್ವೆರಿ ಪರದೆಯ ಮೇಲಿತ್ತು. ದೋಷದ ಕಾಲಮ್ಮಿನಲ್ಲಿ ‘ಹರಿದಿದೆ’ ಎಂಬುದಕ್ಕೆ ಸಮವಲ್ಲದ ಸಾಲುಗಳೆಲ್ಲ ಬರಲಿ, ಎಂದು ಕೇಳಿದ್ದ. ಓದಿದರೆ ಎಲ್ಲವೂ ಸರಿ. ಕೆಳಗೆ ಬಂದ ಮೊತ್ತ ಸಾವಿರದ ಮುನ್ನೂರು ಚಿಲ್ಲರೆ.

ದೊಡ್ಡಳಿಯನ ಲೋಟ ತುಟಿಯ ಹತ್ತಿರವೇ ನಿಂತಿತು. ಸಾವಿರದ ಆರುನೂರರ ಮೇಲೆ ಇರಬೇಕಿತ್ತು.

ಖಾಲಿ ಕೋಶದ, ಅಂದರೆ ಟೇಬಲ್ಲಿನಲ್ಲಿ ಏನೂ ಬರೆಯದೆ ಬಿಟ್ಟ ಚೌಕದ, ಬುದ್ಧಿ ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಅದರಿಂದ ಪೆಟ್ಟು ತಿಂದು ವಾರಗಟ್ಟಲೆ ತಲೆಕೆಡಿಸಿಕೊಂಡು ಕಂಡುಹಿಡಿದಿದ್ದ. ಕಾಲಂ ಖಾಲಿ ಇದ್ದರೆ ನಮಗೆ ‘ಚೆನ್ನಾಗಿದೆ’ ಎಂದು ಅರ್ಥ, ಕಂಪ್ಯೂಟರಿಗೆ ‘ಗೊತ್ತಿಲ್ಲ’ ಎಂದು ಅರ್ಥ. ಇದು ಹರಿದಿದೆಯಾ ಎಂದು ಕೇಳಿದರೆ ಖಾಲಿ ಕೋಶ ಹೌದು ಅನ್ನುವುದಿಲ್ಲ. ಹಾಗಾದರೆ ಹರಿದಿಲ್ಲವಾ ಎಂದು ಕೇಳಿದರೆ ಅದಕ್ಕೂ ಹೌದು ಅನ್ನುವುದಿಲ್ಲ. ಎರಡು ಸಲವೂ ಪಕ್ಕಕ್ಕೆ ಸರಿದುಬಿಡುತ್ತದೆ. ‘ಖಾಲಿ ಇರುವವೂ ಬರಲಿ’ ಎಂದು ಬೇರೆಯಾಗಿ ಕರೆಯಬೇಕು. ಚಪ್ಪಲಿಯ ಉಗ್ರಾಣದಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಡುವ ಹಾಗಿರಲಿಲ್ಲವಂತೆ, ಆದ್ದರಿಂದ ಚಿಕ್ಕಳಿಯನಿಗೆ ಈ ಗುಟ್ಟು ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಈಗ ಅವನ ಪಟ್ಟಿಯಲ್ಲಿ ಬಣ್ಣ ಮೆತ್ತಿದ ಕಾಲರುಗಳಿದ್ದವು, ಗುಂಡಿಯಿಲ್ಲದ ಕೋಟುಗಳಿದ್ದವು, ಹುಳ ತಿಂದ ಕರಡಿಯೂ ಇತ್ತು. ಒಂದು ದೋಷವೂ ಇಲ್ಲದ ಬಟ್ಟೆಗಳು ಮಾತ್ರ ಇರಲಿಲ್ಲ. ಅವೆಲ್ಲ ಚಿಂದಿಗೆ ಹೋಗುವವು.

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮಾವ ಒಳಗೆ ಬಂದರು.

‘ನೋಡಿದ್ರಾ ಅಳಿಯಂದ್ರೇ, ಚಹಾ ಕಾಯೋಷ್ಟರಲ್ಲಿ ಮುಗಿಸಿಬಿಟ್ಟ. ನೀವಾಗಿದ್ರೆ ವಾರ ತಗೋತಿದ್ರಿ.’

ದೊಡ್ಡಳಿಯ ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಚಹಾದ ಜೊತೆ ನುಂಗಿದ. ನುಂಗಿದ ಮೇಲೆ ಎಷ್ಟು ಸಿಹಿಯಾಗಿತ್ತೆಂದರೆ, ತನಗೇ ತಿಳಿಯದೆ ನಕ್ಕುಬಿಟ್ಟ. ಮುಳುಗಲಿ ಬಿಡು, ಅಂದುಕೊಂಡ. ಕಿಟಕಿಯ ಪಕ್ಕದಿಂದ ಅತ್ತೆ ತಲೆಯೆತ್ತಿದರು.

‘ಏನು ಮಗಾ, ಒಬ್ಬನೇ ನಗ್ತಾ ಇದೀಯ?’

‘ಏನಿಲ್ಲ ಅತ್ತೆ.’

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಅವನೇ ತನಗೆ ಹೇಳಿಕೊಂಡ. ಬಟ್ಟೆಗಳು ಹಾಳಾಗಬೇಕೆಂದು ಅವನೇನು ಬಯಸಿದನೇ? ಇಲ್ಲ. ಮರುದಿನ ಕಟ್ಟುಗಳಾಗಲಿ. ಅದರ ಮರುದಿನ ಮಧ್ಯಾಹ್ನ ಚಿಂದಿಯವನ ಗಾಡಿ ಬರಲಿ. ಎಲ್ಲರೂ ಸೇರಿರುವಾಗ, ಮೊದಲ ಕಟ್ಟನ್ನು ಗಾಡಿಗೆ ಏರಿಸುವ ಹೊತ್ತಿಗೆ ಸರಿಯಾಗಿ ತಾನು ಮುಂದೆ ಬಂದು, ‘ಒಂದು ನಿಮಿಷ ಮಾವ, ಆ ಕಟ್ಟು ಬಿಚ್ಚಿ ನೋಡಿ,’ ಎನ್ನಬೇಕು. ಬಿಚ್ಚಿದರೆ ಒಳಗೆ ಮುತ್ತಿನಂಥ ಬಟ್ಟೆಗಳು. ಚಿಕ್ಕಳಿಯನ ಮುಖ ಸುಟ್ಟ ಬದನೆಕಾಯಿ. ಆಗ ಬೀಗದ ಕೈ ಯಾರಿಗೆ ಎಂದು ಯಾರೂ ಕೇಳಬೇಕಾಗುವುದಿಲ್ಲ. ಯೋಜನೆಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಖಾಲಿ ಇದ್ದ ಬಟ್ಟೆಗಳು ಯಾವುವು, ಅವು ಯಾರ ಕೈಯಿಂದ ಖಾಲಿಯಾದವು ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ ಎಂದರೆ ನಂಬುವ ಮಾತಲ್ಲ. ಆ ಕಡೆಗೆ ಯೋಚನೆ ಹರಿಯಲಿಲ್ಲ ಎಂದರೆ ನಂಬಬಹುದು, ಹೊಟ್ಟೆಕಿಚ್ಚಿನವರ ಯೋಚನೆ ಒಂದೇ ದಿಕ್ಕಿಗೆ ಹರಿಯುತ್ತದೆ.

ಮರುದಿನ ಮಹಡಿಗಳಲ್ಲಿ ಕೆಲಸ ನಡೆಯಿತು. ಪಟ್ಟಿಯಲ್ಲಿದ್ದ ನಂಬರಿನ ಬಟ್ಟೆಗೆ ಕೆಂಪು ದಾರ, ಇಲ್ಲದ್ದು ಹಾಸುಬಟ್ಟೆಯೊಳಗೆ ಗಂಟು. ಮಂಡಿನೋವಿನ ಅತ್ತೆ ಮೆಟ್ಟಿಲು ಹತ್ತುವುದನ್ನು ಬಿಟ್ಟು ಕಾಲವಾಗಿತ್ತು. ಮಾವ ಕೆಳಗೆ ಗಿರಾಕಿಗಳ ಜೊತೆ ಇದ್ದರು. ಇಸ್ತ್ರಿಯ ಹೆಂಗಸು ಒಂದು ಕರಿಕೋಟನ್ನು ತೋಳಿನ ಮೇಲೆ ಹಾಕಿಕೊಂಡು ದೊಡ್ಡಳಿಯನ ಹತ್ತಿರ ಬಂದಳು.

‘ಇದಕ್ಕೇನಾಗಿದೆ ಅಂತ ಎಸೀಬೇಕು? ಹೊಸದರ ಹಾಗಿದೆ.’

ಅಳಿಯಂದಿರಿಬ್ಬರೂ ಅಲ್ಲೇ ಇದ್ದರು, ಆದರೆ ಚಿಕ್ಕಳಿಯ ಬಟ್ಟೆಗಳ ಸಾಲಿನ ಆಚೆ ತುದಿಯಲ್ಲಿದ್ದ. ದೊಡ್ಡಳಿಯ ಕೋಟನ್ನು ನೋಡಿದ. ಕೈಯಿಂದ ಮುಟ್ಟಲಿಲ್ಲ.

‘ಪಟ್ಟಿಯಲ್ಲಿಲ್ಲ ಅಂದ್ಮೇಲೆ ಇಲ್ಲ. ನನ್ನನ್ನ ಯಾಕೆ ಕೇಳ್ತೀಯ? ಪಟ್ಟಿ ಮಾಡಿದೋನು ನಾನಲ್ಲ.’

ಅವಳು ಅವನ ಮುಖವನ್ನೊಮ್ಮೆ ನೋಡಿ, ಕೋಟನ್ನು ಮಡಿಸಿ ಗಂಟಿಗೆ ಹಾಕಿದಳು.

ಗಾಡಿಯ ದಿನ ಬೆಳಿಗ್ಗೆ ದೊಡ್ಡಳಿಯ ಒಳ್ಳೆಯ ಶರ್ಟು ಹುಡುಕಿ ತೊಟ್ಟುಕೊಂಡ. ಕನ್ನಡಿಯ ಮುಂದೆ ನಿಂತು ‘ಒಂದು ನಿಮಿಷ ಮಾವ,’ ಎಂದು ಹೇಳಿ ನೋಡಿದ. ಸ್ವಲ್ಪ ಜೋರಾಯಿತೆನ್ನಿಸಿ, ತಗ್ಗಿಸಿ ಇನ್ನೊಮ್ಮೆ ಹೇಳಿದ. ಹೆಂಡತಿ ‘ಯಾರ ಮದುವೆ?’ ಎಂದು ಕೇಳಿದಳು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ ಎಂದು ನಿಧಾನವಾಗಿಯೇ ಹೊರಟ.

ಅಂಗಡಿಯ ಮುಂದೆ ಗಾಡಿ ನಿಂತಿತ್ತು. ಮಧ್ಯಾಹ್ನ ಆ ಬೀದಿಯಲ್ಲಿ ಲಾರಿ ನಿಲ್ಲಿಸಲು ಬಿಡುವುದಿಲ್ಲವೆಂದು ಚಿಂದಿಯವನು ಬೆಳಿಗ್ಗೆಯೇ ಬಂದಿದ್ದ. ಅದು ಎರಡನೆಯ ಸುತ್ತು. ಮೊದಲ ಸುತ್ತಿನ ಗಂಟುಗಳು ಆಗಲೇ ಅವನ ಗೋದಾಮಿನಲ್ಲಿ ಇಳಿದಿದ್ದವು.

ದೊಡ್ಡಳಿಯ ಒಳಗೆ ನುಗ್ಗಿದ. ಮೆಟ್ಟಿಲಿನಿಂದ ಇಳಿಸುವಾಗ ಗಂಟೊಂದು ಬಿಚ್ಚಿಕೊಂಡು ಬಟ್ಟೆಗಳು ನೆಲದ ಮೇಲೆ ಹರಡಿದ್ದವು. ಕಿಟಕಿಯ ಪಕ್ಕ ಅತ್ತೆ ಆ ಕರಿಕೋಟಿನ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದರು. ಕಾಲ ಬಳಿ ದಾದಿಯ ಬಿಳಿ ಅಂಗಿ, ಸೇನಾಪತಿಯ ಕೆಂಪು ಕೋಟು. ಒಂದೊಂದನ್ನೂ ಅವನು ಬಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ಸೋತಿದ್ದ.

‘ಇವೆಲ್ಲ ನಾನು ಹೊಲಿದಿದ್ದು,’ ಎಂದರು ಅತ್ತೆ. ಕೋಪವಿರಲಿಲ್ಲ. ‘ಈಗ ಹೊಲಿಗೆ ಎದ್ದು ಕಾಣ್ತಿರ್ಬೇಕು. ನನ್ನ ಕಣ್ಣಿಗೆ ಕಾಣ್ಸಲ್ಲ, ಅದಕ್ಕೆ ಎಲ್ಲಾರಿಗೂ ಹಾಗೇ ಅಂದ್ಕೊಂಡಿದ್ದೆ. ನೀನೂ ಪಾಪ ಹೇಳಿರಲಿಲ್ಲ. ಹೋಗ್ಲಿ ಬಿಡು, ಒರೆಸೋಕಾದ್ರೂ ಆಗುತ್ತೆ.’

ಆ ಅಂಗಡಿಯಲ್ಲಿ ದೊಡ್ಡಳಿಯನನ್ನು ಮೊದಲಿನಿಂದ ‘ಮಗಾ’ ಎಂದು ಕರೆದವರು ಇವರೊಬ್ಬರೇ. ಚಿಕ್ಕಳಿಯನನ್ನು ಎಲ್ಲರೂ ತಲೆಯ ಮೇಲೆ ಹೊತ್ತು ಮೆರೆಸುವಾಗ ಇವರೊಬ್ಬರು ಇವನ ಕಡೆ ಇದ್ದರು. ತಾನು ಬಾಯಿಗೆ ಬೀಗ ಹಾಕಿಕೊಂಡದ್ದು ಷಡ್ಡಕನನ್ನು ಮುಳುಗಿಸಲು. ಮುಳುಗಿದ್ದು ಈ ಮುದುಕಿ ತನ್ನ ಕಣ್ಣು ಸವೆಸಿ ಕೂಡಿಸಿದ್ದೆಲ್ಲ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಮಾತು ಒಂದಕ್ಷರವೂ ನೆನಪಿಗೆ ಬರಲಿಲ್ಲ.

‘ಇಳಿಸಿ, ಎಲ್ಲಾ ಇಳಿಸಿ,’ ಎಂದು ಬೀದಿಗೆ ಓಡಿದ. ಗಾಡಿ ಹತ್ತಿ ಗಂಟುಗಳನ್ನು ತಾನೇ ಎಳೆದು ಕೆಳಗೆ ಹಾಕಿದ. ಒಳ್ಳೆಯ ಶರ್ಟಿನ ಕಂಕುಳು ಹರಿಯಿತು. ಮಾವ, ಚಿಕ್ಕಳಿಯ, ಇಸ್ತ್ರಿಯ ಹೆಂಗಸು ಎಲ್ಲರೂ ಬಂದು ಬಾಯಿ ತೆರೆದು ನಿಂತರು. ಅವನು ಒಳಗೆ ಬಂದು, ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ, ಕ್ವೆರಿಯ ಕೊನೆಗೆ ಇನ್ನೊಂದು ಷರತ್ತು ಸೇರಿಸಿದ: ಅಥವಾ ದೋಷ ಖಾಲಿ ಇದ್ದರೆ. ಮೊತ್ತ ಸಾವಿರದ ಆರುನೂರು ದಾಟಿತು.

ಚಿಕ್ಕಳಿಯ ಪರದೆಯನ್ನು ನೋಡಿದ, ನೆಲದ ಮೇಲಿನ ಬಟ್ಟೆಗಳನ್ನು ನೋಡಿದ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

‘ತಪ್ಪು ನಂದು,’ ಎಂದ, ಎಲ್ಲರೂ ಕೇಳುವ ಹಾಗೆ. ‘ಖಾಲಿ ಇದ್ರೆ ಬಿಟ್ಟುಹೋಗುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಭಾವ ಇಲ್ದಿದ್ರೆ ಎಲ್ಲಾ ಹೋಗ್ತಿತ್ತು. ಅತ್ತೆ, ನಾನು ಈಗ್ಲೇ ಗೋದಾಮಿಗೆ ಹೋಗಿ ತರ್ತೀನಿ.’ ಚಿಂದಿಯವನ ಗಾಡಿಯನ್ನೇ ಹತ್ತಿ ಹೊರಟುಬಿಟ್ಟ.

ತಪ್ಪನ್ನು ಒಪ್ಪಿಕೊಳ್ಳುವುದರಲ್ಲೂ ಇವನು ನನಗಿಂತ ಮೇಲಾಗಬೇಕೇ, ಎಂದು ದೊಡ್ಡಳಿಯನಿಗೆ ಆ ಗಳಿಗೆಯಲ್ಲೂ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದೇಕೆ.

ಮಾವ ಬಂದು ಅವನ ಬೆನ್ನು ತಟ್ಟಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ‘ಏನೋ ಮಾರಾಯ, ಅಂಗಡೀನೇ ಉಳಿಸಿಬಿಟ್ಯಲ್ಲೋ,’ ಎಂದರು. ‘ಅಳಿಯಂದ್ರೇ’ ಎಲ್ಲೋ ಬಿದ್ದುಹೋಗಿತ್ತು. ಸೊಂಟದಿಂದ ಬೀಗದ ಕೈ ಗೊಂಚಲನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಚಿದರು. ‘ಇನ್ನು ಯೋಚನೆ ಮಾಡೋದೇನಿದೆ.’

ಇಸ್ತ್ರಿಯ ಹೆಂಗಸು ನೆಲದ ಮೇಲಿನ ಬಟ್ಟೆಗಳನ್ನು ಮಡಿಸುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದಳು: ‘ನಾನು ನಿನ್ನೇನೇ ಕೇಳಿದ್ದೆ, ಈ ಕೋಟಿಗೇನಾಗಿದೆ ಅಂತ. ದೊಡ್ಡವರನ್ನೇ ಕೇಳಿದ್ದೆ.’

ಮಾವ ಆಗಲೇ ಬೀದಿಗೆ ಹೋಗಿದ್ದರು. ಅತ್ತೆ ಮಾತ್ರ ಕೋಟಿನ ತೋಳನ್ನು ಸವರುವುದನ್ನು ನಿಲ್ಲಿಸಿದರು. ಹೆಂಗಸು ಬಟ್ಟೆ ಎತ್ತಿಕೊಂಡು ಮೇಲೆ ಹೋಗುವ ತನಕ ಕಾದು, ಮೆಲ್ಲಗೆ ಕೇಳಿದರು.

‘ಮೊನ್ನೆ ಸಂಜೆ ಅವನ ಹಿಂದೆ ನಿಂತು ನಗ್ತಾ ಇದ್ಯಲ್ಲ. ಆಗಲೇ ಗೊತ್ತಿತ್ತಾ?’

ಹೌದು ಎನ್ನಬಹುದಿತ್ತು. ಆ ಒಂದು ಮಾತಿಗೆ ಅತ್ತೆ ಬೈಯುತ್ತಿದ್ದರು, ಅಳುತ್ತಿದ್ದರು, ಮುಖ ತಿರುಗಿಸಿಕೊಂಡು ನಾಲ್ಕು ದಿನ ಇದ್ದು ಆಮೇಲೆ ತಿರುಗುತ್ತಿದ್ದರು. ಆದರೆ ಅಂಗೈಯಲ್ಲಿದ್ದ ಬೀಗದ ಕೈ ಗೊಂಚಲಿನಲ್ಲಿ ಮಾವನ ಸೊಂಟದ ಬಿಸಿ ಇನ್ನೂ ಆರಿರಲಿಲ್ಲ.

‘ಇಲ್ಲ ಅತ್ತೆ. ಈಗ ಬೆಳಿಗ್ಗೆ ಹೊಳೀತು.’

‘ಹೌದಾ,’ ಎಂದರು ಅತ್ತೆ. ಸೂಜಿಗೆ ದಾರ ಪೋಣಿಸತೊಡಗಿದರು. ಯಾವಾಗಲೂ ಅವನ ಕೈಲಿ ಪೋಣಿಸಿಕೊಳ್ಳುತ್ತಿದ್ದವರು ಅವತ್ತು ಕೇಳಲಿಲ್ಲ. ದಾರ ಸೂಜಿಯ ಕಣ್ಣನ್ನು ತಪ್ಪಿಸಿಕೊಳ್ಳುತ್ತಲೇ ಇತ್ತು.

ಚಿಕ್ಕಳಿಯ ಮಧ್ಯಾಹ್ನ ಬಂದ. ಹೆಚ್ಚಿನವು ಉಳಿದಿದ್ದವು, ಕೆಲವು ಆಗಲೇ ಕತ್ತರಿಗೆ ಸಿಕ್ಕಿ ಚೌಕಗಳಾಗಿದ್ದವು. ರಾಣಿಯ ನೀಲಿ ನಿಲುವಂಗಿ ಕತ್ತರಿಯ ಬಾಯಲ್ಲಿದ್ದಾಗ ಅವನು ಹೋಗಿ ಹಿಡಿದುಕೊಂಡಿದ್ದ. ಬೆನ್ನಿನ ನಡುವೆ ಮೇಲಿನಿಂದ ಅರ್ಧದ ತನಕ ಸೀಳಿತ್ತು. ದೊಡ್ಡಳಿಯ ಆ ಸಾಲನ್ನು ತೆರೆದು, ದೋಷದ ಕಾಲಮ್ಮಿನಲ್ಲಿ ಮತ್ತೆ ‘ಹರಿದಿದೆ’ ಎಂದು ಬರೆದ.

ಅತ್ತೆ ಅದನ್ನು ಹೊಲಿಯಲು ತೆಗೆದುಕೊಂಡ ದಿನಗಳಲ್ಲಿ ದೊಡ್ಡಳಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿ ತೆರೆದ, ಮುಚ್ಚಿದ. ಮಾವ ಅವನನ್ನು ‘ಲೋ ದೊಡ್ಡೋನೇ’ ಎಂದು ಕೂಗಿದರು. ಬಯಸಿದ್ದೆಲ್ಲ ಬಂದಿತ್ತು. ಅವನು ಕುರ್ಚಿಯಲ್ಲಿ ಕೂತು ಕಿಟಕಿಯ ಕಡೆ ನೋಡುತ್ತಿದ್ದ. ಯಾವಾಗ ಮುಗಿಯುತ್ತದೋ, ಯಾವಾಗ ಆ ನೀಲಿ ತನ್ನ ತೊಡೆಯ ಮೇಲೆ ಬೀಳುತ್ತದೋ ಎಂದು. ಅವತ್ತು ಎಲ್ಲ ಸರಿಹೋಗುತ್ತದೆ. ಎಷ್ಟು ಹೊತ್ತು ಬೇಕಾದರೂ ಹುಡುಕಬೇಕು, ಸಿಗಲಿಲ್ಲ ಎನ್ನಬೇಕು.

ಒಂದು ಮಧ್ಯಾಹ್ನ ಅತ್ತೆ ಕೊನೆಯ ಎಳೆಯನ್ನು ಹಲ್ಲಿನಿಂದ ಕಡಿದರು. ಗೋಡೆ ಹಿಡಿದುಕೊಂಡು ಎದ್ದರು. ನಿಲುವಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ನಡೆದು ಬಂದರು. ದೊಡ್ಡಳಿಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ತೊಡೆಯ ಮೇಲಿದ್ದ ರಸೀದಿ ಪುಸ್ತಕವನ್ನು ತೆಗೆದಿಟ್ಟ. ಅತ್ತೆ ಅವನನ್ನು ದಾಟಿಕೊಂಡು ಹೋಗಿ, ಇಸ್ತ್ರಿ ಮೇಜಿನ ಹತ್ತಿರ ಗುಂಡಿಗಳನ್ನು ವಿಂಗಡಿಸುತ್ತಿದ್ದ ಚಿಕ್ಕಳಿಯನ ಮುಂದೆ ನಿಂತರು.

‘ಎಲ್ಲಿ, ಹುಡುಕು ನೋಡೋಣ.’

ಕುರ್ಚಿಯಲ್ಲಿ ಕೂತೇ ದೊಡ್ಡಳಿಯನಿಗೆ ಹೊಲಿಗೆ ಕಾಣುತ್ತಿತ್ತು. ನಡುಗುವ ಕೈ ಹಾಕಿದ ಹೊಲಿಗೆ ಮಖಮಲ್ಲಿನ ಮೇಲೆ ಹಗ್ಗದ ಹಾಗೆ ಉಬ್ಬಿತ್ತು. ಕುರುಡನಿಗೂ ಸಿಗುವಂತಿತ್ತು. ಚಿಕ್ಕಳಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಿಲುವಂಗಿಯನ್ನು ತೆಗೆದುಕೊಂಡ. ಅವನ ಹೆಬ್ಬೆರಳು ಸರಿಯಾಗಿ ಆ ಉಬ್ಬಿನ ಮೇಲೆಯೇ ಬಿತ್ತು. ಬಿದ್ದದ್ದನ್ನು ದೊಡ್ಡಳಿಯ ನೋಡಿದ. ಸಿಕ್ಕಿತು ಅನ್ನಲಿ, ಎಂದು ಅವನು ಉಸಿರು ಹಿಡಿದು ಕಾದ. ಒಂದೇ ಒಂದು ಸಲ ಈ ಮನುಷ್ಯ ಕೆಟ್ಟವನಾಗಲಿ.

ಚಿಕ್ಕಳಿಯ ನಿಲುವಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮಗುಚಿದ. ಒಳಗಿನಿಂದ ನೋಡಿದ, ಹೊರಗಿನಿಂದ ನೋಡಿದ, ಸಾಕಷ್ಟು ಹೊತ್ತು ಕಳೆದ. ದೊಡ್ಡಳಿಯ ಎಷ್ಟು ಹೊತ್ತು ಕಳೆಯುತ್ತಿದ್ದನೋ ಅಷ್ಟೇ.

‘ಸಿಗ್ತಿಲ್ಲ ಅತ್ತೆ.’

ಅತ್ತೆಯ ಮುಖ ಅರಳಿತು. ಹೊಟ್ಟೆಯೊಳಗೆ ಎದ್ದ ಬೆಂಕಿಗೆ ದೊಡ್ಡಳಿಯನ ಕಣ್ಣಲ್ಲಿ ನೀರು ಬಂತು. ಕುರ್ಚಿ ಹೋಗಿದ್ದರೆ, ಬೀಗದ ಕೈ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

‘ಹಾಗಿದ್ರೆ ನಿಮ್ಮ ಭಾವನಿಗೆ ಹೇಳು,’ ಎಂದರು ಅತ್ತೆ, ದೊಡ್ಡಳಿಯನ ಕಡೆ ತಿರುಗದೆ. ‘ಅಳಿಸ್ಲಿ.’

ಚಿಕ್ಕಳಿಯ ಅವನತ್ತ ನೋಡಿದ. ದೊಡ್ಡಳಿಯ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಸಾಲನ್ನು ಹುಡುಕಿ, ಅಳಿಸಿದ.